ನಿಂತ ಫ್ಯಾನಿನ ತನಕ

೧೮ ನವೆಂಬರ್ ೨೦೨೪, ಸೋಮವಾರ

ನಿನ್ನೆ ಮಗಳು ಚಿನ್ನುವಿನ ನಿಶ್ಚಯ. ಫೆಬ್ರುವರಿ ಹದಿನಾರಕ್ಕೆ ಮದುವೆ ಎಂದು ಗೊತ್ತಾಯಿತು. ಬಂದವರೆಲ್ಲ ಉಂಡು ಹೋದ ಮೇಲೆ ನಾನೂ ಉಣ್ಣಲು ನೆಲಕ್ಕೆ ಕೂತೆ. ಏಳಲು ಹೋದರೆ ಸೊಂಟ ಒಪ್ಪಲಿಲ್ಲ. ಮದುಮಗಳು ಒಂದು ಕಡೆ, ಆಕೆಯ ಅಪ್ಪ ಒಂದು ಕಡೆ ಹಿಡಿದು ಜೋಳದ ಚೀಲ ಎತ್ತುವಂತೆ ಎತ್ತಿದರು.

ಇವತ್ತು ದವಾಖಾನೆ. ಡಾಕ್ಟರು ಒಂದೇ ಗುಳಿಗೆ ಬರೆದರು. ಅದರ ಕೆಳಗೆ 'ನಡಿಗೆ' ಎಂದು ಬರೆದು ಎರಡು ಗೆರೆ ಎಳೆದರು. "ದಿನಾ ಏನು ಮಾಡ್ತೀರಿ?" ಎಂದು ಕೇಳಿದರು. "ಓದ್ತೀನ್ರಿ" ಅಂದೆ. "ಕುಂತೋ, ನಿಂತೋ?" ಅಂದರು. ಕನ್ನಡ ಎಂ.ಎ. ಪರೀಕ್ಷೆಯಲ್ಲೂ ಇಷ್ಟು ಕಷ್ಟದ ಪ್ರಶ್ನೆ ಬಂದಿರಲಿಲ್ಲ. ನಾನು ಮಲಗಿ ಓದುವವಳು.

ಈ ನೋಟುಬುಕ್ಕು ಚಿನ್ನು ಕೊಟ್ಟದ್ದು. ದಿನಾ ಎಷ್ಟು ನಡೆದೆ ಎಂದು ಬರೆದಿಡಬೇಕಂತೆ. ಇವತ್ತು: ದವಾಖಾನೆಯ ಮೆಟ್ಟಿಲು, ಹನ್ನೊಂದು.

೨೧ ನವೆಂಬರ್, ಗುರುವಾರ

ಬೆಳಿಗ್ಗೆ ಆರಕ್ಕೆ ಸಕ್ಕೂಬಾಯಿ ಬಂದು ಕದ ಬಡಿದಳು. ಓಣಿಯ ಕೊನೆಯಲ್ಲಿ ಆಕೆಯ ಮನೆ. ದಿನವೆಲ್ಲ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಾಳೆ, ಬೆಳಿಗ್ಗೆ ಕಾಲಿಗೆ ಬೇರೆ ಕೆಲಸ ಇರಲಿ ಎಂದು ಗುಡ್ಡ ಹತ್ತುತ್ತಾಳೆ. ಚಿನ್ನುವೇ ಹೇಳಿ ಕಳಿಸಿದ್ದಾಳೆ ಎಂದು ಆಮೇಲೆ ತಿಳಿಯಿತು.

ಇಪ್ಪತ್ತೈದು ವರ್ಷದಿಂದ ಗಜೇಂದ್ರಗಡದ ಈ ಗುಡ್ಡ ನನ್ನ ಅಡಿಗೆಮನೆಯ ಕಿಟಕಿಯಲ್ಲಿದೆ. ಕಿಟಕಿಯಲ್ಲಿ ಅದು ಒಂದು ಗೇಣು. ಇವತ್ತು ಅದರ ಬುಡದಲ್ಲಿ ನಿಂತು ಕತ್ತೆತ್ತಿದೆ. ಸೆರಗು ಜಾರಿತು, ಗುಡ್ಡ ಮುಗಿಯಲಿಲ್ಲ.

ಮೊದಲ ತಿರುವಿನವರೆಗೆ ಹತ್ತಿದೆ. ಅಲ್ಲಿ ಬಂಡೆಯ ಮೇಲೆ ಮೊಣಕಾಲಿಗೆ ಕೈ ಕೊಟ್ಟು ಕೂತಿದ್ದರು, ಗೋಡೆ ಆಚೆಯವರು. ನನ್ನನ್ನು ನೋಡಿ ಮುಖ ಕೋಟೆಯ ಕಡೆ ತಿರುಗಿಸಿದರು. ನಾನು ಊರ ಕಡೆ ತಿರುಗಿಸಿದೆ. ನಡುವೆ ಸಕ್ಕೂಬಾಯಿ ನಿಂತು, "ಗಾಳಿ ಚಲೋ ಐತಿ" ಅಂದಳು.

ಬರೆದಿಡುತ್ತೇನೆ, ಯಾರು ಓದಬೇಕಿದೆ. ಅನ್ನಪೂರ್ಣಾ ನನ್ನ ಹಿರೇ ನೆಗೆಣ್ಣಿ, ನನ್ನ ಭಾವನ ಹೆಂಡತಿ. ನಾಲ್ಕು ವರ್ಷದ ಹಿಂದೆ ಮನೆ ಪಾಲಾಯಿತು, ನಡುವೆ ಗೋಡೆ ಎದ್ದಿತು. ಅಣ್ಣ ತಮ್ಮ ಇಬ್ಬರೂ ಇವತ್ತಿಗೂ ಅಂಗಡಿಯಲ್ಲಿ ಒಂದೇ ಗಾದಿಯ ಮೇಲೆ ಕೂತು ಚಹಾ ಕುಡಿಯುತ್ತಾರೆ. ನಾವಿಬ್ಬರು ಮಾತು ಬಿಟ್ಟಿದ್ದು ಒಂದು ರೊಟ್ಟಿ ಹಂಚಿನ ಸಲುವಾಗಿ. ಅತ್ತೆ ಸಿದ್ದಲಿಂಗವ್ವನವರು ನಲವತ್ತು ವರ್ಷ ರೊಟ್ಟಿ ಬೇಯಿಸಿದ ಕಬ್ಬಿಣದ ಹಂಚು. ಅದನ್ನು ಅವರು ಎತ್ತಿಕೊಂಡರು. "ಹಂಚಿನ ಜೋಡಿ ಅತ್ತಿ ಕೈಗುಣಾನೂ ಬರತೈತೇನು?" ಎಂದು ನಾಲ್ಕು ಜನರೆದುರು ನಾನು ಕೇಳಿದೆ. "ಎಂ.ಎ. ಮಾಡಿದಾಕಿಗೆ ಹಂಚ್ಯಾಕ ಬೇಕು, ಪುಸ್ತಕದ ಮ್ಯಾಲೆ ರೊಟ್ಟಿ ಸುಡು" ಎಂದು ಅವರು ಅಂದರು. ಅದೇ ಕೊನೆಯ ಮಾತು.

ಈಗ ನನ್ನ ಸೊಂಟ ನೋಯುತ್ತದೆ ಎಂದು ತಿಳಿದ ಕೂಡಲೇ ಅವರಿಗೂ ಗುಡ್ಡ ನೆನಪಾಗಿದೆ. ಇರಲಿ. ಗುಡ್ಡ ಪಾಲಾಗಿಲ್ಲ.

೨ ಡಿಸೆಂಬರ್, ಸೋಮವಾರ

ಕೋಟೆಯ ಬಾಗಿಲು ಮುಟ್ಟಿದೆ. ಅಲ್ಲಿ ಕೂತು ಸಣ್ಣದೊಂದು ಕವಿತೆ ಓದಿದೆ. ಬೆವರಿದ ಕೈಯಲ್ಲಿ ಪುಸ್ತಕ ಹಿಡಿದದ್ದು ಇದೇ ಮೊದಲು.

ಮನೆಗೆ ಬಂದಾಗ ಚಿನ್ನು ಕೇಳಿದಳು, "ಅವ್ವಾ, ದೊಡ್ಡವ್ವ ಮಾತಾಡಿಸಿದಳೇನು?"

"ನಾ ಗುಡ್ಡ ಹತ್ತಾಕ ಹೋಗಿದ್ದೆ, ಮಾತಾಡಾಕ ಅಲ್ಲ."

"ನನ್ನ ಸುರಗಿಗೆ ಯಾರು ಕುಂದ್ರತಾರ ಹಂಗಾದ್ರ?"

ಮದುವೆಯ ಬೆಳಿಗ್ಗೆ ನಾಲ್ಕು ಮೂಲೆಗೆ ನಾಲ್ಕು ಬಿಂದಿಗೆ ಇಟ್ಟು, ಸುತ್ತ ನೂಲು ಸುತ್ತಿ, ನಡುವೆ ಮದುಮಗಳನ್ನು ಕೂರಿಸಿ ನೀರೆರೆಯುವುದು ಸುರಗಿ. ನಮ್ಮ ಮನೆಯ ಪದ್ಧತಿಯಲ್ಲಿ ಹಿರೇ ಸೊಸೆ ಆ ನೂಲಿನೊಳಗೆ ಮದುಮಗಳ ಜೋಡಿ ಕೂತು, ಐದು ಸಲ ಎದ್ದು ಐದು ತಂಬಿಗೆ ಎರೆಯಬೇಕು. ಹಿರೇ ಸೊಸೆ ಬರಬೇಕೆಂದರೆ ನಾನು ಕುಂಕುಮದ ಭರಣಿ ಹಿಡಿದು ಅವರ ಹೊಸ್ತಿಲಿಗೆ ಹೋಗಿ ಕರೆಯಬೇಕು. ಕರೆಯದೆ ಅವರು ಬರುವುದಿಲ್ಲ. ಅವರು ಅಂದ ಮಾತಿಗೆ ನಾನು ಹೋಗುವುದಿಲ್ಲ.

"ಇನ್ನೂ ಎರಡೂವರೆ ತಿಂಗಳು ಐತಿ" ಅಂದೆ.

೯ ಡಿಸೆಂಬರ್, ಸೋಮವಾರ

ಇವತ್ತು ನಿಂತ ಫ್ಯಾನಿನ ತನಕ ಹೋಗಿಬಂದೆವು.

ಕೋಟೆ ದಾಟಿದರೆ ಗುಡ್ಡದ ನೆತ್ತಿಯ ಮೇಲೆ ಗಾಳಿಯಿಂದ ಕರೆಂಟು ಮಾಡುವ ಫ್ಯಾನುಗಳ ಸಾಲು. ಎಲ್ಲವೂ ತಿರುಗುತ್ತವೆ, ಆರನೆಯದು ಮಾತ್ರ ಎರಡು ವರ್ಷದಿಂದ ಕೆಟ್ಟು ನಿಂತಿದೆ. ಅದರ ಬುಡದಿಂದ ಒಂದು ಕಾಲುದಾರಿ ನೇರ ನಮ್ಮ ಓಣಿಯ ಹಿಂದಕ್ಕೆ ಇಳಿಯುತ್ತದೆ. ದನ ಕಾಯುವವರು, ಕಟ್ಟಿಗೆಯವರು, ನಾವು, ಎಲ್ಲರಿಗೂ ಅದೇ ಗುರುತು. ಯಾರೂ ಫ್ಯಾನು ಎಣಿಸುವುದಿಲ್ಲ. ನಿಂತದ್ದು ಕಂಡರೆ ಇಳಿಯುವುದು, ಅಷ್ಟೆ.

ನಡೆಯುವ ಕ್ರಮವೂ ಗೊತ್ತಾಗಿಹೋಗಿದೆ. ಮುಂದೆ ನಾನು, ಇಪ್ಪತ್ತು ಹೆಜ್ಜೆ ಹಿಂದೆ ಅವರು, ನಡುವೆ ಸಕ್ಕೂಬಾಯಿ.

"ಸಕ್ಕೂಬಾಯಿ, ಮುಂದಿನವರಿಗೆ ಹೇಳು, ಪುಸ್ತಕದ ಭಾರಕ್ಕ ಸೊಂಟ ಇನ್ನಷ್ಟು ಬಾಗತೈತಿ ಅಂತ."

"ಸಕ್ಕೂಬಾಯಿ, ಹಿಂದಿನವರಿಗೆ ಹೇಳು, ನಾಲಿಗಿಗೆ ಬಿಡುವು ಕೊಟ್ರ ಮೊಣಕಾಲಿಗೆ ಬಲ ಬರತೈತಿ ಅಂತ."

ಸಕ್ಕೂಬಾಯಿ ಎರಡೂ ಹೇಳಲಿಲ್ಲ. "ಇಬ್ಬರಿಗೂ ಕೇಳಿಸೇತಿ. ನನಗೇನು ಟಪಾಲು ಇಲಾಖೆಯವರು ಸೈಕಲ್ ಕೊಟ್ಟಾರೇನ್ರಿ?" ಅಂದಳು.

೨೨ ಡಿಸೆಂಬರ್, ಭಾನುವಾರ

ಇವತ್ತು ನರಗುಂದದ ಗುಡ್ಡ. ಅದು ನನ್ನ ತವರೂರು. "ನಮ್ಮೂರ ಗುಡ್ಡ ಇದಕ್ಕಿಂತ ಎತ್ತರ" ಎಂದು ನಾನು ಸಕ್ಕೂಬಾಯಿಗೆ ಅಂದದ್ದೇ ತಪ್ಪಾಯಿತು. "ನಡೀರಿ ನೋಡೂಣು" ಎಂದು ಹೊರಡಿಸಿದಳು. ಅವರನ್ನೂ ಕರೆದಿದ್ದಾಳೆ ಎಂದು ಬಸ್ ಸ್ಟ್ಯಾಂಡಿಗೆ ಹೋದ ಮೇಲೆ ತಿಳಿಯಿತು.

ಬಸ್ಸು ತುಂಬಿತ್ತು. ಇಬ್ಬರು ಕೂರುವ ಒಂದೇ ಸೀಟು ಖಾಲಿ. ಸಕ್ಕೂಬಾಯಿ ನಮ್ಮಿಬ್ಬರನ್ನೂ ಅದರೊಳಗೆ ನೂಕಿ ತಾನು ಮುಂದೆ ಹೋಗಿ ನಿಂತಳು. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ ಈಗ, ಕಂಡಕ್ಟರ್ ಆಧಾರ ಕಾರ್ಡು ಕೇಳಿದ. ಎರಡೂ ಕಾರ್ಡು ಒಟ್ಟಿಗೆ ಹಿಡಿದು ನೋಡಿದ.

"ಅಡ್ಡಹೆಸರೂ ಒಂದ, ವಿಳಾಸಾನೂ ಒಂದ. ಅಕ್ಕ ತಂಗೇರೇನ್ರಿ?"

ನಾನು ಕಿಟಕಿ ನೋಡಿದೆ. ಅವರು ಚೀಲ ನೋಡಿದರು. ಮುಂದಿನಿಂದ ಸಕ್ಕೂಬಾಯಿ ಕೂಗಿ ಹೇಳಿದಳು, "ಒಂದ ಮನಿ, ಎರಡು ಬಾಗಲಾ. ನೀ ಟಿಕೆಟ್ ಹರಿಯಪ್ಪ."

ರೋಣದಲ್ಲಿ ಬಸ್ಸು ಬದಲಿಸಿದೆವು. ಅಲ್ಲಿಯೂ ಹೇಗೋ ಅದೇ ಸೀಟು ಸಿಕ್ಕಿತು. ದಾರಿಯ ಕುಣಿಗಳಿಗೆ ಭುಜ ಭುಜಕ್ಕೆ ಬಡಿಯುತ್ತಿತ್ತು. ಅವರು ಹಚ್ಚಿಕೊಂಡದ್ದು ಇನ್ನೂ ಅದೇ ಕೊಬ್ಬರಿ ಎಣ್ಣೆ.

ನರಗುಂದದ ಗುಡ್ಡ ಕಡಿದು. ಶಾಲೆಯ ದಿನಗಳಲ್ಲಿ ಓಡಿ ಹತ್ತುತ್ತಿದ್ದ ಮೆಟ್ಟಿಲನ್ನು ಇವತ್ತು ಒಂದೊಂದಾಗಿ ಮಾತಾಡಿಸಿ ಹತ್ತಿದೆ. ಮೇಲಿನಿಂದ ನೋಡಿದರೆ ಕಪ್ಪು ನೆಲ, ಬಿಳಿಜೋಳದ ಹಸಿರು, ಕಡಲೆಯ ಹಸಿರು, ನಡುವೆ ಕಾಲುವೆಯ ಗೆರೆ. ಸಾಲುಗಳು ಇಷ್ಟು ನೇರವಾಗಿರುವುದನ್ನು ಒಳ್ಳೆಯ ಕವಿತೆಯಲ್ಲಿ ಮಾತ್ರ ಕಂಡಿದ್ದೆ. "ಏನ್ರಿ, ಯಾವುದು ಎತ್ತರ?" ಎಂದು ಸಕ್ಕೂಬಾಯಿ ಕೇಳಿದಳು. "ಇದ" ಅಂದೆ.

ಹಿಂದಿನಿಂದ ಏದುಸಿರಿನ ನಡುವೆ ಮಾತು ಬಂತು, "ಸಕ್ಕೂಬಾಯಿ, ಹೇಳು. ತವರುಮನಿ ಗುಡ್ಡ ಎಲ್ಲಾರಿಗೂ ಒಂದು ಮೊಳ ಎತ್ತರನ ಇರತೈತಿ."

ನಗು ಬಂತು. ನಾನು ಕೆಮ್ಮಿದೆ.

೩೦ ಡಿಸೆಂಬರ್, ಸೋಮವಾರ. ಎಳ್ಳಮಾವಾಸ್ಯೆ

ಊರೆಲ್ಲ ಹೊಲಕ್ಕೆ ಹೋಗಿದೆ. ಸಕ್ಕೂಬಾಯಿ ಬೆಳಿಗ್ಗೆ ಬುತ್ತಿ ತಂದು ಕೊಟ್ಟಳು: ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. "ನೀ ಮಾಡಿದ್ದೇನು?" ಅಂದರೆ, "ತಿನ್ರಿ ಅವ್ವಾರ" ಎಂದು ಹೋದಳು.

ರೊಟ್ಟಿಯ ಅಂಚಿನಲ್ಲಿ ಅರ್ಧಚಂದ್ರದ ಕಪ್ಪು ಕಲೆ. ಅತ್ತೆಯ ಹಂಚಿನಲ್ಲಿ ಒಂದು ಕಡೆ ತಗ್ಗಿದೆ. ಅದರ ಮೇಲೆ ಬೆಂದ ಪ್ರತಿ ರೊಟ್ಟಿಗೂ ಆ ಕಲೆ ಬೀಳುತ್ತಿತ್ತು. ನಮ್ಮ ಮನೆಯವರು ನೋಡಿದರು, ಎರಡು ತಿಂದರು. ನಾನು ಮೂರು ತಿಂದೆ.

೧೫ ಜನವರಿ ೨೦೨೫, ಬುಧವಾರ

ನಿನ್ನೆ ಸಂಕ್ರಾಂತಿ ಮುಗಿಯಿತು. ಇವತ್ತಿನಿಂದ ಮದುವೆಗೆ ಕರೆಯಲು ಶುರು. ಮೊದಲ ಕಾರ್ಡು ದೇವರಿಗೆ ಇಟ್ಟೆವು. ಎರಡನೆಯದು ಹಿರೇ ಮನೆಗೆ. ಅದು ದೇವರ ಜಗಲಿಯ ಮೇಲೆಯೇ ಕೂತಿದೆ.

"ವಾಟ್ಸಾಪಿನ್ಯಾಗ ಕಳಸೂಣೇನು?" ಎಂದರು ಇವರು. ನಾನು ನೋಡಿದ ರೀತಿಗೆ ಫೋನು ಕಿಸೆಗೆ ಹೋಯಿತು.

ಚಿನ್ನು ಸಿಟ್ಟಾಗಲಿಲ್ಲ, ಅಳಲಿಲ್ಲ. ರೊಟ್ಟಿ ಮುರಿಯುತ್ತ ಹೇಳಿದಳು: "ದೊಡ್ಡವ್ವ ಇಲ್ಲಂದ್ರ ಸುರಗಿ ಬ್ಯಾಡ. ನಾ ಬಚ್ಚಲದಾಗ ಎರಕೊಂಡು ಬರ್ತೀನಿ." ಸಣ್ಣವಳಿದ್ದಾಗ ಆಕೆಗೆ ದಿನಾ ಎರೆದು ಜಡೆ ಹಾಕಿದ್ದು ಅನ್ನಪೂರ್ಣಕ್ಕ. ನಾನು ಆಗ ಎಂ.ಎ. ಪುಸ್ತಕಗಳಿಗೆ ಹೊದಿಕೆ ಹಾಕುತ್ತಿದ್ದೆ.

ಇವತ್ತು ಗುಡ್ಡ ಹತ್ತುವಾಗ ನಾಲ್ಕು ಸಲ ಬಾಯಿ ತೆರೆದೆ. ನಾಲ್ಕು ಸಲವೂ ಗಾಳಿ ಕುಡಿದು ಮುಚ್ಚಿದೆ.

೨೩ ಜನವರಿ, ಗುರುವಾರ

ಎಲ್ಲವನ್ನೂ ಬರೆದೇ ಊಟಕ್ಕೆ ಏಳುತ್ತೇನೆ.

ಬೆಳಿಗ್ಗೆ ದಟ್ಟ ಮಂಜು. ಸಕ್ಕೂಬಾಯಿಗೆ ಜ್ವರವಂತೆ, ಬರಲಿಲ್ಲ. ತಿರುಗಿ ಹೋಗೋಣವೆಂದರೆ ಗೋಡೆ ಆಚೆಯ ಕದ ತೆರೆದ ಸದ್ದಾಯಿತು. ತಿರುಗಿ ಹೋದರೆ ಸೋತಂತೆ. ನಡೆದೆ. ಇಪ್ಪತ್ತು ಹೆಜ್ಜೆ ಹಿಂದೆ ಅನ್ನಪೂರ್ಣಕ್ಕನ ಚಪ್ಪಲಿಯ ಸದ್ದು.

ಕೋಟೆ ದಾಟಿದ ಮೇಲೆ ಏನೂ ಕಾಣದು. ತಲೆಯ ಮೇಲೆಲ್ಲೋ ಫ್ಯಾನುಗಳು ಉಸಿರಾಡುವ ಸದ್ದು ಮಾತ್ರ. ಬಹಳ ಹೊತ್ತು ನಡೆದ ಮೇಲೆ ಮಂಜಿನಲ್ಲಿ ಒಂದು ಫ್ಯಾನು ಮಸುಕಾಗಿ ಕಂಡಿತು, ರೆಕ್ಕೆ ಅಲುಗದೆ ನಿಂತಿತ್ತು. ಅದರ ಬುಡದಲ್ಲಿ ಕಾಲುದಾರಿಯೂ ಇತ್ತು. ಇಳಿದೆ.

ಹತ್ತು ನಿಮಿಷಕ್ಕೆ ನಮ್ಮ ಓಣಿಯ ಹಿಂದಿನ ನೀರಿನ ಟಾಕಿ ಕಾಣಬೇಕಿತ್ತು. ಕಂಡದ್ದು ಜಾಲಿಗಿಡ. ಆಮೇಲೆ ಒಂದು ಒಣ ಹಳ್ಳ. ದಾರಿ ತಪ್ಪಿದೆ ಎಂದು ಗೊತ್ತಾಯಿತು. ಆದರೆ ನಿಂತರೆ ಅವರು ಬಂದು ಮುಟ್ಟುತ್ತಾರೆ, ಮುಟ್ಟಿದರೆ ಏನಾದರೂ ಹೇಳಬೇಕಾಗುತ್ತದೆ. ಹೀಗಾಗಿ ದಾರಿ ಗೊತ್ತಿದ್ದವಳಂತೆ ಇನ್ನೂ ಜೋರಾಗಿ ನಡೆದೆ. ಅವರೂ ಹಿಂದೆಯೇ ಬಂದರು. ಅರ್ಧ ತಾಸು ಹೀಗೇ ಇಳಿದೆವು.

ಆಮೇಲೆ ಹಿಂದಿನ ಸದ್ದು ನಿಂತಿತು.

ಹತ್ತು ಹೆಜ್ಜೆ ಕೇಳದವಳಂತೆ ನಡೆದೆ. ಹನ್ನೊಂದನೆಯದು ಹೋಗಲಿಲ್ಲ. ತಿರುಗಿ ಹೋದೆ. ಚಪ್ಪಲಿ ಪಟ್ಟಿ ಹರಿದು ಅನ್ನಪೂರ್ಣಕ್ಕ ಒಂದು ಗಿಡ್ಡ ಕಲ್ಲಿನ ಮೇಲೆ ಕೂತಿದ್ದರು. ಎದುರಿಗೆ ಇನ್ನೊಂದು ಕಲ್ಲಿತ್ತು. ಆ ಕಲ್ಲಿಗೆ ಹೇಳಿದರು:

"ಕಲ್ಲಪ್ಪಾ, ಮುಂದಿದ್ದಾಕಿಗೆ ಹೇಳು, ದಾರಿ ತಪ್ಪೇತಿ ಅಂತ."

ನಾನೂ ಕಲ್ಲಿಗೇ ಹೇಳಿದೆ: "ಗೊತ್ತೈತಿ ಅಂತ ಹೇಳು."

"ಯಾವಾಗ ಗೊತ್ತಾತು ಕೇಳು."

"ಹಳ್ಳ ದಾಟಿದಾಗ."

"ನನಗ ಮೊದಲನೇ ಜಾಲಿಗಿಡಕ್ಕ ಗೊತ್ತಾಗೇತಿ ಅಂತ ಹೇಳು."

"ಮತ್ಯಾಕ ಹೇಳಲಿಲ್ಲ ಕೇಳು."

"ಎಂ.ಎ. ಮಾಡಿದಾಕಿ ಮುಂದಿದ್ದಳು. ನಾ ಏಳನೇತ್ತೆ ಕಲಿತಾಕಿ. ಹ್ಯಾಂಗ ಹೇಳೂದು?"

ಕಲ್ಲು ಎಲ್ಲವನ್ನೂ ಕೇಳಿಕೊಂಡಿತು. ನನ್ನ ಕೈಯಲ್ಲಿದ್ದ ಪುಸ್ತಕದ ಗುರುತಿನ ಕೆಂಪು ದಾರ ಬಿಚ್ಚಿ ಅವರ ಚಪ್ಪಲಿ ಕಟ್ಟಿದೆ. ಏಳಲು ಅವರಿಂದ ಆಗಲಿಲ್ಲ. ಕೈ ಕೊಟ್ಟು ಎಳೆದೆ. ಅವರ ಮೊಣಕಾಲು ಅರ್ಧಕ್ಕೆ ಎದ್ದಿತು, ನನ್ನ ಸೊಂಟ ಅರ್ಧಕ್ಕೆ ಹಿಡಿಯಿತು, ಇಬ್ಬರೂ ಒಟ್ಟಿಗೆ ನೆಲಕ್ಕೆ ಕೂತೆವು. ಮೊದಲು ನಕ್ಕಿದ್ದು ಯಾರೋ ಗೊತ್ತಿಲ್ಲ. ನಿಲ್ಲಿಸಲಿಕ್ಕೆ ಮಾತ್ರ ಇಬ್ಬರಿಂದಲೂ ಆಗಲಿಲ್ಲ.

ಆ ನಗು ಕೇಳಿಯೇ ಬೈಕಿನಲ್ಲಿ ಬಂದವನು ಯಮನೂರಪ್ಪ, ಫ್ಯಾನುಗಳ ವಾಚಮನ್.

"ಇಲ್ಲ್ಯಾಕ ಕುಂತೀರಿ ಯವ್ವಾ?"

"ನಿಂತ ಫ್ಯಾನಿನ ಬುಡಕ್ಕ ಇಳದ್ವಿ, ಊರು ಬರಲಿಲ್ಲ" ಅಂದೆ.

"ನಿಂತಿದ್ದು ನಿನ್ನೆ ಸಂಜಿಗೆ ಚಾಲೂ ಆತ್ರಿ. ಒಂಬತ್ತನೇದು ರಿಪೇರಿಗೆ ನಿಲ್ಲಿಸೇವಿ. ನೀವು ಅದರ ಬುಡಕ್ಕ ಇಳದೀರಿ. ಇದು ಲಕ್ಕಲಕಟ್ಟಿ ದಾರಿ."

"ಊರಾಗ ಒಂದು ಮಾತು ಹೇಳಬಾರದೇನಪ್ಪ?" ಎಂದು ಅಕ್ಕ ಗದರಿದರು.

"ಕೆಟ್ರ ಹೇಳ್ತೀವ್ರಿ. ಚಲೋ ಆಗಿದ್ದಕ್ಕ ಯಾರು ಡಂಗುರಾ ಸಾರತಾರ?"

ಒಬ್ಬರನ್ನು ಬೈಕಿನ ಮೇಲೆ ಬಿಟ್ಟು ಬರುತ್ತೇನೆ ಎಂದ. "ಇಬ್ಬರೂ ದಾರಿ ತಪ್ಪೇವಿ, ಇಬ್ಬರೂ ನಡೀತೇವಿ" ಅಂದರು ಅಕ್ಕ. ರಸ್ತೆಗೆ ಬಂದು ಟಂಟಂ ಆಟೋ ಕಾಯುತ್ತ ಒಂದು ಬೇವಿನ ಬುಡದಲ್ಲಿ ಕೂತೆವು.

"ಓದು ನೋಡೂಣು, ದಿನಾ ಏನು ಹೊತ್ತು ತರ್ತಿ" ಅಂದರು. ಗುಡ್ಡದ ಮೇಲಿನ ಒಂದು ಕವಿತೆ ಓದಿದೆ. ಕಣ್ಣು ಮುಚ್ಚಿ ಕೇಳಿ, "ಚಲೋ ಐತಿ. ಆದ್ರ ಬರದಾವ ಗುಡ್ಡ ಹತ್ತಿಲ್ಲ ನೋಡು. ಉಸುರು ಹತ್ತೂದು ಎಲ್ಲೂ ಬರಲಿಲ್ಲ" ಅಂದರು.

ಇಪ್ಪತ್ತೈದು ವರ್ಷದಿಂದ ಮೆಚ್ಚಿದ ಕವಿತೆ. ಇನ್ನು ಮೇಲೆ ಅದನ್ನು ಓದುವಾಗ ಉಸಿರು ಹುಡುಕುತ್ತೇನೆ.

ಮದುವೆಯ ಮಾತು ನಾನೂ ಎತ್ತಲಿಲ್ಲ, ಅಕ್ಕನೂ ಎತ್ತಲಿಲ್ಲ. ಕೈಯಲ್ಲಿ ಕುಂಕುಮ ಇರಲಿಲ್ಲ. ಬೇವಿನ ಬುಡದಲ್ಲಿ ಕರೆದರೆ ಅದು ಕರೆಯಲ್ಲ.

೨೪ ಜನವರಿ, ಶುಕ್ರವಾರ

ಹತ್ತು ಗಂಟೆಗೆ ಭರಣಿ, ಕಾರ್ಡು ತೆಗೆದುಕೊಂಡು ಹೋದೆ. ನಮ್ಮ ಬಾಗಿಲಿನಿಂದ ಅಕ್ಕನ ಬಾಗಿಲಿಗೆ ಒಂಬತ್ತು ಹೆಜ್ಜೆ. ಚಿನ್ನು ಹೇಳಿದಂತೆ ಬರೆದಿಡುತ್ತೇನೆ.

ಕದ ತೆರೆದಿತ್ತು. ಒಳಗೆ ರೊಟ್ಟಿ ಬಡಿಯುವ ಸದ್ದು.

"ಅಕ್ಕಾ."

"ಬಾ ಒಳಗ. ಹಂಚಿನ ಮ್ಯಾಲೆ ರೊಟ್ಟಿ ಐತಿ, ಏಳಂಗಿಲ್ಲ." ನಾನು ಹೋಗಿ ಒಲೆಯ ಬದಿಗೆ ನಿಂತೆ. ಅಕ್ಕ ತಲೆ ಎತ್ತದೆ ಹೇಳಿದಳು, "ಹಂಚು ಕೊಡಂಗಿಲ್ಲ ನೋಡು."

"ಕೇಳಾಕ ಬಂದಿಲ್ಲ. ನಿಮ್ಮನ್ನ ಕರಿಯಾಕ ಬಂದೀನಿ. ನಾ ಅವತ್ತು ಅಂದಿದ್ದು ತಪ್ಪು."

"ನಾ ಅಂದಿದ್ದು ಖರೇನ ಇತ್ತು. ಪುಸ್ತಕದ ಮ್ಯಾಲೆ ನೀ ಸುಟ್ಟಿದ್ರೂ ಸುಟ್ಟಿದ್ದಿ." ಅಂದು, ರೊಟ್ಟಿ ತೆಗೆದು ಬುಟ್ಟಿಗೆ ಹಾಕಿ, ಹಣೆ ಮುಂದೆ ಚಾಚಿದಳು. ಕುಂಕುಮ ಹಚ್ಚಿದೆ. ಹಿಟ್ಟಿನ ಕೈಯಲ್ಲೇ ಕಾರ್ಡು ತೆಗೆದುಕೊಂಡಳು. ಆಮೇಲೆ ಒಲೆಯ ಮುಂದಿನಿಂದ, ಏನೂ ಹಿಡಿಯದೆ, ನಿಧಾನವಾಗಿ ತಾನೇ ಎದ್ದು ನಿಂತಳು.

"ನೋಡಿದಿ? ನವೆಂಬರದಾಗ ಇದು ಆಗ್ತಿದ್ದಿಲ್ಲ. ನಿಶ್ಚಯ ಆತು ಅಂತ ಕೇಳಿದ ಮರುದಿನಾನ ಸಕ್ಕೂಬಾಯಿ ಬೆನ್ನು ಹತ್ತಿದೆ. ಸುರಗಿಗೆ ಐದು ಸಲ ಏಳಬೇಕಲ್ಲ."

ನನಗಿಂತ ಮೂರು ದಿನ ಮೊದಲು. ನನ್ನ ಸೊಂಟದ ಸುದ್ದಿ ಓಣಿಗೆ ತಿಳಿಯುವ ಮೊದಲು.

"ನಾ ಕರೀದ ಇದ್ದಿದ್ರ?"

"ಕರೀದ ಇದ್ದಿದ್ರ ಬರ್ತಿದ್ದಿಲ್ಲ." ಅಕ್ಕ ಮುಂದಿನ ಹಿಟ್ಟಿನ ಉಂಡೆ ಕೈಗೆತ್ತಿಕೊಂಡಳು. "ಮೊಣಕಾಲಿಗೆ ಅದನ್ನ ಯಾಕ ಹೇಳೂದು?"

ಎರಡು ಬಿಸಿ ರೊಟ್ಟಿ ತಿಂದು ಬಂದೆ. ದಾರಿಯಲ್ಲಿ ಸಕ್ಕೂಬಾಯಿ ಸಿಕ್ಕಳು, ತಲೆಯ ಮೇಲೆ ನೂಲಿನ ಗಂಟು ಹೊತ್ತು ಸರಸರ ಹೋಗುತ್ತಿದ್ದಳು. ಜ್ವರ ಹೇಗಿದೆ ಎಂದು ಕೇಳಿದೆ. "ಯಾವ ಜ್ವರಾರೀ?" ಅಂದವಳು, ತಡೆದು, "ಹಾಂ, ಬಿಟ್ಟೈತ್ರಿ" ಅಂದಳು.

೧೬ ಫೆಬ್ರುವರಿ, ಭಾನುವಾರ

ಮದುವೆ ಮುಗಿಯಿತು. ಎರಡೇ ಸಾಲು ಬರೆಯುವಷ್ಟು ಶಕ್ತಿ ಉಳಿದಿದೆ.

ಸುರಗಿಯ ನೂಲು ಸಕ್ಕೂಬಾಯಿಯ ಮಗ್ಗದ್ದು. ಅಕ್ಕ ಅದರೊಳಗೆ ಐದು ಸಲ ಕೂತು ಐದು ಸಲ ಎದ್ದಳು, ಯಾರ ಕೈಯನ್ನೂ ಹಿಡಿಯಲಿಲ್ಲ. ಐದನೆಯ ತಂಬಿಗೆಗೆ ಚಿನ್ನು ನೀರೊಳಗೇ ನಕ್ಕಳು. ಅದನ್ನು ನೋಡುತ್ತ ಹೊರಗೆ ಕೂತಿದ್ದ ನನ್ನನ್ನು ಮಾತ್ರ ಇಬ್ಬರು ಹಿಡಿದು ಎಬ್ಬಿಸಬೇಕಾಯಿತು.